ಒಳಸುತ್ತಿನ ಕೋಣ

ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ಘಟ್ಟದ ಕೆಳಗಿನಿಂದ ಹೊಸನಗರಕ್ಕೆ ಬಂದು, ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ಹರಿತ ಮಾಡುವ ಕೆಲಸಕ್ಕೆ ಸೇರಿದ ಅಪ್ಪ ದೇವರಿಗೆ ಹಳೆಯ ಭಾಷೆಯನ್ನು ಬಿಟ್ಟುಕೊಟ್ಟು, ಮನುಷ್ಯರಿಗೆ ಊರಿನ ಭಾಷೆಯನ್ನು ಹಿಡಿದರು. ಹಾಗಾಗಿ ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಡೆದ ದೊಡ್ಡ ವಾದವೂ ಕನ್ನಡದಲ್ಲೇ ನಡೆಯಿತು. ವಿಷಯ: ಭಾನುವಾರ ಸಾಗರಕ್ಕೆ ಹೋಗಿ ಹೊಗೆಗೆ ಹಾಕುವ ಮಾಂಸ ಆರಿಸಿ ತರುವ ಹಕ್ಕು ಅಜ್ಜಿಗೆ ಇರಬೇಕೋ, ಬೇಡವೋ.

ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಭಾನುವಾರಕ್ಕೆ ಒಂದು ಕ್ರಮವಿತ್ತು. ಮೊದಲ ಬಸ್ಸಿಗೆ ಸಾಗರ, ಅಲ್ಲಿ ಚರ್ಚು, ಚರ್ಚು ಬಿಟ್ಟ ಮೇಲೆ ಮಾಂಸದ ಅಂಗಡಿ, ಮಧ್ಯಾಹ್ನದ ಬಸ್ಸಿಗೆ ವಾಪಸು. ದನದ ಮಾಂಸ ಎನ್ನುವುದು ಮಾತಿಗೆ. ಆ ಅಂಗಡಿಗೆ ಬರುತ್ತಿದ್ದುದು ಹೆಚ್ಚಾಗಿ ಗದ್ದೆಯಲ್ಲಿ ದುಡಿದು ಮುದಿಯಾದ ಕೋಣ. ಮಳೆ ಹಿಡಿಯುವ ಮುಂಚಿನ ಕೆಲವು ವಾರ ಅವಳು ಮಾಮೂಲಿಗಿಂತ ಹೆಚ್ಚು ಮಾಂಸ ತಂದು, ಉಪ್ಪು ಹಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ತೂಗುಹಾಕುತ್ತಿದ್ದಳು. ಬಸ್ಸು ಬರುವುದೂ ಬಿಡುವುದೂ ದೇವರಿಗೆ ಬಿಟ್ಟದ್ದಾದ ತಿಂಗಳುಗಳಲ್ಲಿ ನಮ್ಮ ಸಾರಿಗೆ ರುಚಿ ಬರುತ್ತಿದ್ದುದು ಆ ಕಪ್ಪು ಪಟ್ಟಿಗಳಿಂದ.

ಈಸ್ಟರ್ ಕಳೆದ ಸ್ವಲ್ಪ ದಿನಕ್ಕೆ ಅಜ್ಜಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದು ಮೊಣಕಾಲು ಊದಿಸಿಕೊಂಡಳು. ಊತ ಇಳಿಯುವ ಮೊದಲೇ ಅಪ್ಪ ತೀರ್ಪು ಕೊಟ್ಟರು.

“ಇನ್ನು ಮೇಲೆ ಮಿಲ್ಲಿನ ಲಾರಿ ಸಾಗರಕ್ಕೆ ಹೋದಾಗ ಡ್ರೈವರ್ ತಂದ್ಕೊಡ್ತಾನೆ. ನೀನು ಮನೇಲಿ ಕೂತ್ಕೊಂಡು ಜಪಮಾಲೆ ಹಿಡಿಯಮ್ಮ.”

“ಜಪಮಾಲೆಗೆ ಮಂಡಿ ಊರ್ಬೇಕು. ಬಸ್ಸಲ್ಲಾದ್ರೆ ಸೀಟ್ ಕೊಡ್ತಾರೆ,” ಎಂದಳು ಅಜ್ಜಿ. “ಮತ್ತೆ ಆ ಡ್ರೈವರಿಗೆ ಎಂತ ಗೊತ್ತು? ಟೈರ್ ಆರ್ಸು ಅಂದ್ರೆ ಆರಿಸ್ಯಾನು.”

ಇದು ಹೀಗೇ ಎಳೆದಾಡುತ್ತಿರುವಾಗ ನಾನು ಶಿವಮೊಗ್ಗದ ಕಾಲೇಜಿನಿಂದ ರಜೆಗೆ ಬಂದೆ. ಆ ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಲೋಟಗಳಲ್ಲಿ ಒಂದರೊಳಗೆ ಅಮ್ಮ ಆಗಲೇ ಸಾಸಿವೆ ತುಂಬಿಸಿಟ್ಟಿದ್ದಳು. ಅಪ್ಪನಿಗೆ ಮಾತ್ರ ಆ ಲೋಟಗಳ ಮೇಲೆ ಬೇರೆ ನಂಬಿಕೆ ಇತ್ತು.

“ನೀನೇ ಒಪ್ಸು ನಿಮ್ಮಜ್ಜೀನ. ಫೀಸ್ ಕಟ್ಟಿದ್ದಕ್ಕೆ ಒಂದಾದ್ರೂ ಉಪಯೋಗ ಆಗ್ಲಿ.”

ನಾನು ಸಂತೋಷದಿಂದ ಒಪ್ಪಿಕೊಂಡೆ. ವಾದದ ಮೊದಲ ನಿಯಮ: ಎದುರಾಳಿಯ ಅತಿ ಬಲವಾದ ಅಂಶವನ್ನು ಹುಡುಕಿ ಅಲ್ಲಿಗೇ ಹೊಡೆಯಬೇಕು. ಅಜ್ಜಿಯ ಬಲವೆಲ್ಲ ಒಂದು ಪ್ರಶ್ನೆಯಲ್ಲಿತ್ತು. ಮಾಂಸದ ಅಂಗಡಿಯಲ್ಲಿ ಅವಳು ಪ್ರತಿ ಸಲ ಕೇಳುತ್ತಿದ್ದುದು: “ಒಳಸುತ್ತಿಂದಾ, ಹೊರಸುತ್ತಿಂದಾ?” ಕಣದಲ್ಲಿ ಭತ್ತ ತುಳಿಸುವಾಗ ಕೋಣಗಳನ್ನು ಸಾಲಾಗಿ ಕಟ್ಟಿ ಮೇಟಿ ಕಂಬದ ಸುತ್ತ ನಡೆಸುತ್ತಾರೆ. ಕಂಬದ ಪಕ್ಕದ ಕೋಣ ಸಣ್ಣ ಸುತ್ತು ಹಾಕುತ್ತದೆ, ತುದಿಯ ಕೋಣ ದೊಡ್ಡ ಸುತ್ತು. ಜೀವಮಾನವಿಡೀ ಹೊರಗೆ ನಡೆದ ಕೋಣದ ಮಾಂಸ ಬಲು ಗಟ್ಟಿ, ಒಳಗೆ ನಡೆದದ್ದರದು ಮೆತ್ತಗೆ. ಈ ವ್ಯತ್ಯಾಸ ತಿಳಿದವರು ಮಾತ್ರ ಅಗ್ಗದ ತುಂಡನ್ನು ಧೈರ್ಯವಾಗಿ ಕೊಳ್ಳಬಹುದು. ಮನೆಯಲ್ಲಿ ಅದು ತಿಳಿದವಳು ತಾನೊಬ್ಬಳೇ. ಇದು ಅಜ್ಜಿಯ ಸಿದ್ಧಾಂತ.

ಇಷ್ಟು ತೂತುಗಳಿರುವ ಸಿದ್ಧಾಂತವನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ.

“ಅಜ್ಜಿ, ವರ್ಷದಲ್ಲಿ ಕಣದ ಕೆಲಸ ಎಷ್ಟು ದಿನ ಇರತ್ತೆ? ಉಳಿದ ದಿನ ಉಳುಮೆ. ಉಳುಮೇಲಿ ಎರಡೂ ಅಷ್ಟಷ್ಟೇ ನಡೀತವೆ.”

“ನಿನ್ನ ಕಾಲೇಜಲ್ಲಿ ಕೋಣ ಇದ್ಯಾ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ಗೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಸಾಕ್ಷಿ ಬೇಕಿತ್ತು. ಅಪ್ಪ ‘ಇದೇ ಕೊನೆ’ ಎಂದು ಷರತ್ತು ಹಾಕಿ ಬಿಟ್ಟುಕೊಟ್ಟ ಭಾನುವಾರ ನಾನೂ ಅವಳ ಜೊತೆ ಹೊರಟೆ.

ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ಅಜ್ಜಿ ಬಸ್ಸು ಕಂಡ ಕೂಡಲೇ ಗೋಡೆಯನ್ನು ಮರೆತಳು. ಡ್ರೈವರಿನ ಹಿಂದಿನ ಸೀಟು ಅವಳದೇ. ಮಡಿಲಲ್ಲಿ ಮುಚ್ಚಳ ಬಿಗಿಯಾದ ಬಿಸ್ಕತ್ತಿನ ತಗಡಿನ ಡಬ್ಬ, ಖಾಲಿ. ಬಟ್ಟೆಮಲ್ಲಪ್ಪದಲ್ಲಿ ಹತ್ತಿದ ಹೆಂಗಸೊಬ್ಬಳು ಕಾಲು ಹೇಗಿದೆ ಎಂದು ಕೇಳಿದಳು. ಅಜ್ಜಿ ಬಿದ್ದ ಕತೆಯನ್ನು ಹೇಳಿದಳು. ಮನೆಯಲ್ಲಿ ಹೇಳುವಾಗ ಬಸ್ಸು ನಿಂತಿತ್ತು. ಇಲ್ಲಿ ಅದು ಚಲಿಸುತ್ತಿತ್ತು. ಚರ್ಚಿನ ಜಗಲಿಗೆ ಮುಟ್ಟುವಷ್ಟರಲ್ಲಿ ಕತೆಗೆ ಇಳಿಜಾರೂ ಸೇರಿಕೊಂಡಿತ್ತು. ಪಾದ್ರಿಗಳ ಪ್ರವಚನಕ್ಕೆ ಮರುಪ್ರಶ್ನೆ ಹಾಕುವ ಪದ್ಧತಿ ಇಲ್ಲದ್ದರಿಂದ ನಾನು ಸುಮ್ಮನೆ ಕೂತಿದ್ದೆ. ಅಜ್ಜಿ ಮಾತ್ರ ಪೂಜೆ ಮುಗಿದ ಮೇಲೆ ಜಗಲಿಯಲ್ಲಿ ನಿಂತು ವಾರದ ಮದುವೆ, ಬಾಣಂತನ, ಮನಸ್ತಾಪಗಳನ್ನೆಲ್ಲ ವಸೂಲು ಮಾಡಿಕೊಂಡೇ ಹೊರಟಳು.

ಮಾಂಸದ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿ. ಅಂಗಡಿಯ ಸಾಹೇಬರು ಬಿಳಿ ಗಡ್ಡದವರು, ಮಾತಿಗೊಮ್ಮೆ ಕತ್ತಿ ಮಸೆಯುವವರು. ಅಜ್ಜಿಯನ್ನು ಕಂಡದ್ದೇ ಉಳಿದ ಗಿರಾಕಿಗಳನ್ನು ಬಿಟ್ಟು ಎದ್ದು ನಿಂತರು.

“ಬಾಯಮ್ಮ ಬಂದ್ರಾ! ಕಾಲು ಹೆಂಗಿದೆ?”

“ನನ್ ಕಾಲಿರ್ಲಿ ಸಾಯ್ಬ್ರೆ, ನಿಮ್ ಕೋಣದ ಕಾಲು ತೋರ್ಸಿ. ಯಾವ ಕಡೇದು?”

“ತೀರ್ಥಹಳ್ಳಿ ಕಡೇದು. ಗದ್ದೆ ಕೋಣ.”

“ಒಳಸುತ್ತಿಂದಾ, ಹೊರಸುತ್ತಿಂದಾ?”

“ಒಳಸುತ್ತಿಂದೇ. ನಿಮಗೆ ಹೊರಸುತ್ತಿಂದು ಕೊಟ್ಟು ನಾನೆಲ್ಲಿ ಅಂಗಡಿ ಇಟ್ಕೊಳ್ಲಿ?”

ಅಜ್ಜಿ ಕೊಕ್ಕೆಗೆ ನೇತುಹಾಕಿದ್ದ ಕಾಲಿನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿದಳು. “ಇದು ಒಳಸುತ್ತಾ? ತೀರ್ಥಹಳ್ಳಿಯಿಂದ ಇಲ್ಲೀವರೆಗೂ ಓಡ್ಕೊಂಡ್ ಬಂದಂಗಿದೆ.”

“ನಡ್ಕೊಂಡ್ ಬಂತು ಬಾಯಮ್ಮ. ಬಸ್ಸಿಗೆ ಟಿಕೆಟ್ ಕೇಳಿದ್ರೆ ಕೊಡ್ಲಿಲ್ಲ.”

“ನೋಡಿ ಮತ್ತೆ! ಕಣದಲ್ಲಿ ಒಳಗಿದ್ರೆ ಏನ್ ಬಂತು, ದಾರೀಲಿ ಹೊರಸುತ್ತು ಹಾಕ್ತಲ್ಲ!”

“ದಾರೀಲೂ ಅದು ಒಳಗಡೆನೇ ನಡೀತು, ಬಾಯಮ್ಮ. ನನ್ನಾಣೆ.”

ಕಾದು ನಿಂತವರು ಯಾರೂ ಅವಸರ ಮಾಡಲಿಲ್ಲ. ಒಬ್ಬ ಬೀಡಿ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತೇಬಿಟ್ಟ.

ನಾನು ತೊಡೆಯ ತುಂಡನ್ನು ತೋರಿಸಿದೆ. ನಾರಿಲ್ಲ, ಎಲುಬಿಲ್ಲ, ಪಟ್ಟಿ ಕೊಯ್ಯುವುದು ಸುಲಭ, ದುಬಾರಿಯಾದರೂ ದಂಡವಾಗುವುದು ಕಡಿಮೆ ಎಂದು ಕ್ರಮವಾಗಿ ವಾದಿಸಿದೆ.

“ಬರೀ ತೊಡೆ ಹೊಗೆಗೆ ಹಾಕಿದ್ರೆ ಕಟ್ಟಿಗೆ ಆಗ್ತದೆ,” ಎಂದಳು ಅಜ್ಜಿ. “ಕಟ್ಟಿಗೆ ನಿಮ್ಮಪ್ಪನ ಮಿಲ್ಲಲ್ಲಿ ಪುಕ್ಕಟೆ ಸಿಗ್ತದೆ.”

ಅವಳು ಕೊಂಡದ್ದು ಮೀನಖಂಡ, ಕುತ್ತಿಗೆಯ ಒಂದು ಭಾಗ, ಹೊಟ್ಟೆಯ ಪಕ್ಕದ ನೆಣದ ಅಂಚು. ಯಾರೂ ಮೊದಲು ಕೈಹಾಕದ ತುಂಡುಗಳು. ಹೊರಸುತ್ತಿನ ಅನುಮಾನ ಪೂರ್ತಿ ಹೋಗದ ಕಾರಣ ಸಾಹೇಬರು ಎರಡು ಪಕ್ಕೆಲುಬನ್ನು ಮೇಲೆ ಹಾಕಿ, ಸಾಗುವಾನಿ ಎಲೆಯಲ್ಲಿ ಕಟ್ಟಿಕೊಟ್ಟರು. ಅಜ್ಜಿ ಎದುರಿನ ಅಂಗಡಿಗೆ ಕಾಳುಮೆಣಸು ತರಲು ಹೋದಳು. ನನಗೆ ಬೇಕಾಗಿದ್ದ ಸಮಯ ಇದೇ.

“ಸಾಯ್ಬ್ರೆ, ಒಳಸುತ್ತೋ ಹೊರಸುತ್ತೋ ನಿಮಗೆ ನಿಜವಾಗ್ಲೂ ಗೊತ್ತಾಗತ್ತಾ?”

ಅವರು ಓಣಿಯ ಕಡೆ ಕಣ್ಣು ಹಾಯಿಸಿ ದನಿ ಇಳಿಸಿದರು. “ಬೇಟಿ, ನಾನು ಕೋಣ ತರೋದು ದಲ್ಲಾಳಿ ಹತ್ರ. ಅದು ಎಲ್ಲಿ ನಡೀತೋ, ಎಲ್ಲಿ ಮಲಗ್ತೋ ನಂಗೇನ್ ಗೊತ್ತು? ಬಾಯಮ್ಮಂಗೆ ಅದರ ಮೇಲೆ ಭಾಳ ನಂಬಿಕೆ. ವಯಸ್ಸಾದವ್ರು, ಗೊತ್ತಿಲ್ಲ ಅಂದ್ರೆ ಮನಸ್ಸಿಗೆ ಹಚ್ಕೊಳ್ತಾರೆ. ಕಾಲು ನೋವು ಅಂತ ಅವ್ರು ಬರ್ದೇ ಇದ್ದಾಗ ಅಂಗಡೀನೇ ಸಪ್ಪೆ ಆಗಿತ್ತು. ನೀನ್ ಹೇಳ್ಬೇಡ ಮತ್ತೆ.”

ಸಾಕ್ಷಿ ಸಿಕ್ಕಿತು. ಇನ್ನು ತೀರ್ಪು ಬರೆಯುವುದೊಂದೇ ಬಾಕಿ. ವಾಪಸು ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಭಾಷಣ ಜೋಡಿಸುತ್ತ ಕೂತೆ. ಕಂಡಕ್ಟರ್ ಅಜ್ಜಿಯ ಡಬ್ಬವನ್ನು ಬೆರಳಿಂದ ತಟ್ಟಿದ.

“ಎಂತ ಅಜ್ಜಿ ಇದ್ರೊಳಗೆ?”

“ಭಾನುವಾರ ಕಣೋ,” ಎಂದಳು.

ಮನೆಗೆ ಬಂದದ್ದೇ ಸೆರಗು ಸಿಕ್ಕಿಸಿ ಕೂತಳು. ಮಾಂಸವನ್ನು ನೆಣ ಬಿಡದಂತೆ ಉದ್ದುದ್ದಕ್ಕೆ ಸೀಳಿ, ಉಪ್ಪು, ಅರಿಸಿನ, ಜಜ್ಜಿದ ಮೆಣಸು, ಉಪ್ಪಾಗೆಯ ಹುಳಿ ಹಚ್ಚಿ ಮುಚ್ಚಿಟ್ಟಳು. ಮಾರನೆಯ ದಿನ ಪಟ್ಟಿಗಳನ್ನು ಬಿದಿರಿನ ಕಡ್ಡಿಗಳಿಗೆ ಪೋಣಿಸಿ ಅಟ್ಟಕ್ಕೆ ಏರಿಸುವ ಕೆಲಸ ನನ್ನದಾಯಿತು. ಅಜ್ಜಿ ಕೆಳಗೆ ಮಣೆಯ ಮೇಲೆ ಕೂತು ಮಿಲ್ಲಿನ ಚಕ್ಕೆಗಳಲ್ಲಿ ಹಲಸಿನದನ್ನೂ ಮತ್ತಿಯದನ್ನೂ ಬೇರೆ ಮಾಡುತ್ತಿದ್ದಳು. ಸಾಗುವಾನಿಯ ಹೊಗೆ ಅವಳಿಗೆ ಆಗದು, ಬಾಯಲ್ಲಿ ಬೀರುವಿನ ಬಾಗಿಲು ಅಗಿದಂತಾಗುತ್ತದಂತೆ. ಉರಿ ಏಳದ ಹಾಗೆ ಮೇಲೆ ಒದ್ದೆ ತೆಂಗಿನ ಸಿಪ್ಪೆ ಇಟ್ಟಳು. ಅಡುಗೆಮನೆ ತುಂಬ ಹೊಗೆ. ಇಬ್ಬರ ಕಣ್ಣಲ್ಲೂ ನೀರು, ಆದ್ದರಿಂದ ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ.

ಒಮ್ಮೆಲೇ ಸಾಕ್ಷಿಯನ್ನು ಹೊರಗೆ ಹಾಕಬಾರದು, ಮೊದಲು ಎದುರಾಳಿಯ ಬಾಯಿಂದ ಹೇಳಿಕೆ ಪಡೆಯಬೇಕು. ಕೇಳಿದೆ:

“ಅಜ್ಜಿ, ಒಳಸುತ್ತು ಹೊರಸುತ್ತು ಎಲ್ಲ ನೀನು ನಿಜಕ್ಕೂ ನಂಬ್ತೀಯಾ?”

“ಹೋಗೇ ಮಾರಾಯ್ತಿ!” ಅಜ್ಜಿ ಊದುಗೊಳವೆ ಕೆಳಗಿಟ್ಟು ನಕ್ಕಳು. “ಸತ್ತ ಕೋಣದ ಜಾತಕ ಯಾರಿಗೆ ಗೊತ್ತಿರ್ತದೆ? ಬೆರಳಿಟ್ಟು ಒತ್ತಿದ್ರೆ ಮಾಂಸ ಗೊತ್ತಾಗ್ತದೆ, ಅಷ್ಟೇ. ಆದ್ರೆ ಸಾಯ್ಬ್ರಿಗೆ ಅದೊಂದು ಹೆಮ್ಮೆ, ತನ್ನ ಕೋಣದ ಪೂರ್ವೋತ್ತರ ಎಲ್ಲ ತನಗೆ ಗೊತ್ತು ಅಂತ. ನಾನು ಕೇಳ್ಲಿಲ್ಲ ಅಂದ್ರೆ ಪಾಪ, ಬೇಜಾರ್ ಮಾಡ್ಕೊಳ್ತಾರೆ. ನೀನ್ ಹೇಳ್ಬೇಡ ಮತ್ತೆ.”

ನಾನು ಏಣಿಯ ಮೇಲಿಂದ ಇನ್ನೊಂದು ಕಡ್ಡಿಯನ್ನು ಅಟ್ಟಕ್ಕೆ ಏರಿಸಿದೆ. ಅವಳು ಚಕ್ಕೆ ಆರಿಸುತ್ತಲೇ ಮಾತು ಮುಂದುವರಿಸಿದಳು.

“ಡ್ರೈವರ್ ತರ್ತಾನೆ ಅಂತಾನೆ ನಿಮ್ಮಪ್ಪ. ತರ್ಲಿ. ಮಾಂಸ ಬರ್ತದೆ, ಬರಲ್ಲ ಅಂತ ಅಲ್ಲ. ನಾನೆಲ್ಲಿಗೆ ಹೋಗ್ಲಿ, ಹೇಳು? ಬಾವಿಗೂ ಕೋಳಿಗೂಡಿಗೂ ಎಷ್ಟು ಸಲ ಹೋಗೋದು?”

ಅಳು ದನಿಯೇನೂ ಅಲ್ಲ. ಹೇಳಿ ಮುಗಿಸಿ, ನಾನು ಕಡ್ಡಿ ಸೊಟ್ಟ ಇಟ್ಟಿದ್ದೇನೆ ಎಂದು ಬೈದಳು.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಕೇಳಿದರು: “ಏನಾಯ್ತು? ಒಪ್ಪಿದ್ಲಾ?”

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಪರ ಬರಬಹುದು, ವಿರೋಧ ಬರಬಹುದು. ಯಾವುದು ಬಂದರೂ ಮಾತಾಡಲು ತಯಾರಿರಬೇಕು. ನಾನು ಮಣೆ ಬಿಟ್ಟು ಎದ್ದು ನಿಂತೆ.

“ಅಪ್ಪ, ನಾನು ಖುದ್ದಾಗಿ ಹೋಗಿ ನೋಡ್ಕೊಂಡ್ ಬಂದೆ. ಅಜ್ಜಿ ಹೇಳೋದ್ರಲ್ಲಿ ವಿಷಯ ಇದೆ.”

ಉಪ್ಪಿನ ಮರಿಗೆಯನ್ನು ನಡುವೆ ಇಟ್ಟು ಮೇಟಿ ಎಂದೆ. ಎರಡು ಹಲಸಿನ ಬೀಜವನ್ನು ಕೋಣ ಮಾಡಿ ಅದರ ಸುತ್ತ ನಡೆಸಿದೆ. ಹೊರಗಿನ ಬೀಜ ಸಾರಿನ ಪಾತ್ರೆಗೆ ತಾಗಿ ಎಡವಿತು. ಒಳಗಿನದು ಆರಾಮವಾಗಿ ತಿರುಗಿತು. ಅಗ್ಗದ ತುಂಡಿನಲ್ಲೇ ಈ ವ್ಯತ್ಯಾಸ ಹೆಚ್ಚು, ಯಾಕೆಂದರೆ ಅಗ್ಗದ ತುಂಡೆಂದರೆ ನಡೆಯುವ ಕಾಲು, ನೊಗ ಹೊರುವ ಕುತ್ತಿಗೆ. ಲಾರಿ ಡ್ರೈವರ್ ಈ ಪ್ರಶ್ನೆ ಕೇಳುವುದಿಲ್ಲ. ಕೇಳದವನಿಗೆ ಅಂಗಡಿಯವರು ಹೇಳುವುದೂ ಇಲ್ಲ. ಆ ಕ್ಷಣದಲ್ಲಿ ಭೂಮಿಯ ಮೇಲೆ ಒಬ್ಬರೂ ನಂಬದ ಸಿದ್ಧಾಂತವೊಂದನ್ನು ನಾನು ಎತ್ತಿ ಹಿಡಿದಿದ್ದೆ, ಮತ್ತು ಬಹುಮಾನ ಬಂದ ಭಾಷಣಗಳಲ್ಲೂ ನನ್ನ ನಾಲಿಗೆ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

“ಉಪ್ಪು ಎಲ್ಲ ಚೆಲ್ತು,” ಎಂದಳು ಅಮ್ಮ.

ಅಪ್ಪ ಮಾತ್ರ ಬೀಜಗಳನ್ನೇ ನೋಡುತ್ತಿದ್ದರು. ಆಮೇಲೆ ತಾವೇ ಬೆರಳಿಟ್ಟು ಒಂದು ಸುತ್ತು ತಿರುಗಿಸಿದರು. “ಹೌದಲ್ಲ! ಚಕ್ರ ತಿರುಗುವಾಗ ಅಂಚೇ ಜಾಸ್ತಿ ಓಡೋದು, ನಡು ಭಾಗ ಓಡಲ್ಲ. ನಮ್ಮ ಗರಗಸದ್ದೂ ಇದೇ ಲೆಕ್ಕ.” ಅಜ್ಜಿಯ ಕಡೆ ತಿರುಗಿದರು. “ಇಷ್ಟು ವರ್ಷ ನೀನು ಇದನ್ನ ಸರಿಯಾಗಿ ಹೇಳೇ ಇಲ್ವಲ್ಲಮ್ಮ!”

“ನಂಗೆ ಯಾರು ಫೀಸ್ ಕಟ್ಟಿದ್ರು?” ಎಂದಳು ಅಜ್ಜಿ.

ಒಂದೇ ಷರತ್ತು ಉಳಿಯಿತು: ಅಜ್ಜಿ ಒಬ್ಬಳೇ ಹೋಗಕೂಡದು. ಬಸ್ಸು ಪೂರ್ತಿ ನಿಂತ ಮೇಲೆ, ಯಾರದಾದರೂ ಕೈ ಹಿಡಿದೇ ಇಳಿಯಬೇಕು. ಮುಂದಿನ ಭಾನುವಾರ ತಾವೇ ಬರುವುದಾಗಿ ಅಪ್ಪ ಹೇಳಿದರು. ಭಾನುವಾರ ಯಾವತ್ತೂ ಹೊಸನಗರದಲ್ಲೇ ಉಳಿದು ಮಧ್ಯಾಹ್ನದವರೆಗೆ ಮಲಗುತ್ತಿದ್ದ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಬಂದು ನಿಂತರು. ನಾನೂ ಹೋದೆ. ಆಗ ನನಗೆ ಸಾಕ್ಷಿಗಿಂತ ಓಣಿಯ ರುಚಿ ಹತ್ತಿತ್ತು.

ಸಾಹೇಬರು ಎದ್ದು ನಿಂತು “ಬಾಯಮ್ಮ ಬಂದ್ರಾ!” ಎಂದರು. ಅಜ್ಜಿ ಬಾಯಿ ತೆರೆಯುವುದರೊಳಗೆ ಅಪ್ಪ ಮುಂದೆ ಹೋಗಿ, ಗರಗಸದ ಹಲ್ಲು ನೋಡುವ ಕಣ್ಣಿಂದ ಕೋಣದ ಕಾಲನ್ನು ನೋಡಿ ಕೇಳಿಯೇಬಿಟ್ಟರು:

“ಸಾಯ್ಬ್ರೆ, ಇದು ಒಳಸುತ್ತಿಂದಾ, ಹೊರಸುತ್ತಿಂದಾ?”

ಸಾಹೇಬರು ಕತ್ತಿ ಮಸೆಯುವುದನ್ನು ನಿಲ್ಲಿಸಿದರು. ಅವರು ನನ್ನನ್ನು ನೋಡಿದರು. ಅಜ್ಜಿಯೂ ನನ್ನನ್ನು ನೋಡಿದಳು. ನಾನು ಓಣಿಯ ತುದಿಯಲ್ಲಿದ್ದ ನಾಯಿಯೊಂದನ್ನು ನೋಡಿದೆ.

“ಒಳ... ಒಳಸುತ್ತಿಂದೇ,” ಎಂದರು ಸಾಹೇಬರು.

“ಹಾಂ, ಹಂಗಾದ್ರೆ ಸರಿ. ಕಟ್ಟಿ,” ಎಂದರು ಅಪ್ಪ.

ಮೆಟ್ಟಿಲ ಮೇಲೆ ಕೂತಿದ್ದ ಬೀಡಿಯವನು ನಿರಾಸೆಯಿಂದ ಎದ್ದ. ಅಜ್ಜಿ ಮಗನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

“ಸರಿ ಅಂತೆ ಸರಿ! ಬುಡಾನೇ ಕೇಳಿಲ್ಲ ಇವ್ನು. ಸಾಯ್ಬ್ರೆ, ಸುತ್ತಿಂದು ಹಂಗಿರ್ಲಿ. ಯಾವ ಹೊಳೆ ನೀರು ಕುಡ್ದಿದ್ದು ಇದು? ವರದಾದಾ, ತುಂಗೆದಾ?”

ಸಾಹೇಬರ ಮುಖದಲ್ಲಿ ದೀಪ ಹತ್ತಿತು. ಹಳೆಯ ಪರಿಚಯದವರನ್ನು ನೆನಪು ಮಾಡಿಕೊಳ್ಳುವ ಹಾಗೆ ಕಣ್ಣು ಮುಚ್ಚಿದರು.

“ತುಂಗೆದು, ಬಾಯಮ್ಮ. ದಿನಾ ಎರಡು ಹೊತ್ತು.”

“ಎರಡು ಹೊತ್ತು ಕುಡಿದೂ ಹಿಂಗೆ ಸೊರಗಿದ್ಯಾ? ಹೊಳೆ ದಂಡೇಲಿ ಕಟ್ಟಿ ನೀರು ಬರೀ ತೋರ್ಸಿರ್ಬೇಕು. ಹಾಕಿ ಮೇಲೆ ಎರಡು ಪಕ್ಕೆಲುಬು!”

ಬೀಡಿಯವನು ಮತ್ತೆ ಕೂತ. ಅಪ್ಪ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ನಿಂತರು.

“ಏ, ನೀರಿಂದಲೂ ವ್ಯತ್ಯಾಸ ಆಗ್ತದಾ?”

“ಆಗ್ತದಪ್ಪ,” ಎಂದೆ. “ಊಟಕ್ಕೆ ಕೂತಾಗ ವಿವರಿಸ್ತೀನಿ.”