ಟಿವಿ ಡಬ್ಬಿ ವಾಪಸ್ ಕೊಡಲು ಹೋದದ್ದು

ಗಲ್ಫಿಗೆ ಬಂದು ನಾವಿರುವ ಕರಾಮದ ಫ್ಲ್ಯಾಟಿನಲ್ಲಿ ಇಂಟರ್ನೆಟ್, ಟಿವಿ, ಲ್ಯಾಂಡ್‌ಲೈನ್ ಮೂರೂ ಒಂದೇ ಕಂಪನಿಯದ್ದು. ಒಟ್ಟಿಗೆ ತೆಗೆದುಕೊಂಡರೆ ಉಳಿತಾಯ ಅಂತ ಹೇಳಿ ಕೊಟ್ಟಿದ್ದರು. ಟಿವಿ ನೋಡುವವರಿಲ್ಲ, ಮಕ್ಕಳಿಗೆ ಮೊಬೈಲೇ ಸಾಕು. ಲ್ಯಾಂಡ್‌ಲೈನ್ ಒಮ್ಮೆಯೂ ರಿಂಗಾದದ್ದಿಲ್ಲ. ಅದರ ಮೇಲೆ ನಾನು ಬಾಚಣಿಗೆ ಇಡುತ್ತಿದ್ದೆ.

ಒಂದು ದಿನ ಟಿವಿ ಡಬ್ಬಿ, ಫೋನು ಎರಡನ್ನೂ ಚೀಲಕ್ಕೆ ತುಂಬಿಕೊಂಡು ಕಂಪನಿಯ ಅಂಗಡಿಗೆ ಹೋದೆ. ನನ್ನ ಇಂಗ್ಲಿಷ್ ಕೇಳಿದ್ದೇ ಕೌಂಟರಿನವನು, "ಅಕ್ಕ, ಊರಲ್ಲಿ ಎಲ್ಲಿ?" ಅಂದ. ಅವನು ಪುತ್ತೂರಿನವನಂತೆ. ಊರಿನವನೇ ಸಿಕ್ಕಿದ, ಇನ್ನು ಕೆಲಸ ಆದ ಹಾಗೇ ಅಂದುಕೊಂಡೆ.

"ಇವೆರಡು ಬೇಡ ಮಾರಾಯ, ಇಂಟರ್ನೆಟ್ ಮಾತ್ರ ಇರಲಿ."

ಅವನು ಕಂಪ್ಯೂಟರ್ ನೋಡಿ ದನಿ ತಗ್ಗಿಸಿದ. "ತೆಗೀಬೇಡಿ ಅಕ್ಕ. ತೆಗೆದರೆ ನಿಮ್ಮ ಬಿಲ್ಲು ಈಗಿನದ್ದಕ್ಕಿಂತ ಜಾಸ್ತಿ ಆಗ್ತದೆ."

"ಎರಡು ವಾಪಸ್ ಕೊಟ್ಟರೆ ಜಾಸ್ತಿಯಾ? ಎಂಥದ್ದು ನೀನು ಹೇಳುವುದು?"

"ಮೂರೂ ಇದ್ದರೆ ಮಾತ್ರ ಡಿಸ್ಕೌಂಟ್. ಒಂದೇ ಆದರೆ ಪೂರ್ತಿ ರೇಟು. ಊರಿನವರು ಅಂತ ಹೇಳಿದೆ."

"ನಿನ್ನ ಮನೆಯಲ್ಲೂ ಮೂರು ಉಂಟಾ?"

"ಎಂಥ ಮನೆ ಅಕ್ಕ, ಒಂದು ರೂಮಿಗೆ ಆರು ಜನ. ವೈಫೈ ಬಾಡಿಗೆಯಲ್ಲೇ ಬರ್ತದೆ," ಎಂದು ನಕ್ಕ.

ಹೊತ್ತುಕೊಂಡು ಹೋದದ್ದನ್ನು ಹೊತ್ತುಕೊಂಡೇ ಬಂದೆ. ಹೇಗೂ ದುಡ್ಡು ಕೊಡುತ್ತೇನಲ್ಲ, ಇರಲಿ ಅಂತ ಸಿಟ್ಟಿನಲ್ಲಿ ಫೋನಿಗೆ ವಯರು ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಅದು ಮೊದಲ ಸಲ ರಿಂಗಾಯಿತು! ಬೆಚ್ಚಿಬಿದ್ದು ಎತ್ತಿದೆ.

ಅದೇ ಕಂಪನಿಯವಳು. ಮೊಬೈಲನ್ನೂ ಇದಕ್ಕೇ ಸೇರಿಸಿದರೆ ಇನ್ನೂ ಉಳಿತಾಯವಂತೆ.

ಚೆನ್ನಾಗಿ ಬೈದು ಇಡಬೇಕಿತ್ತು. ನಾನೋ, "ಎಷ್ಟು ಉಳಿಯುತ್ತದೆ?" ಅಂತ ಕೇಳಿಬಿಟ್ಟೆ.