ಅತ್ತಿಯ ಮನೆಯಲ್ಲಿ ಹೆಚ್ಚಿದ ಅಕ್ಕಿ

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ಕತ್ತೆ ನಾನೇ. ನನ್ನ ಅಣಕು ನೋಡಿ ಅಜ್ಜ ಖುಷಿಪಡುತ್ತಿದ್ದಾನೆಂದು ನಂಬಿ, ಅತ್ತಿಯ ಮಾತನ್ನು ಅವನ ಕೈಗೆ ಕೊಟ್ಟವನು ನಾನು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಜ್ಜ ಅನಗೋಳದಲ್ಲಿ ನಮ್ಮ ಜೊತೆಗಿದ್ದ. ನಾನು ಕಾಲೇಜಿಗೆ ಹೋಗುವುದರಲ್ಲಿ ಹಿಂದೆ, ಮಾಸ್ತರರ ಹಾಗೆ ಮಾತಾಡುವುದರಲ್ಲಿ ಮುಂದೆ. ಅಜ್ಜ ಮೃತ್ಯುಪತ್ರ ಬರೆಸಲು ಹೋದಾಗ ವಕೀಲರು, "ಮೊದಲ ಯಾರ ಕಡೆ ಏನೈತಿ, ಯಾರಿಗೆ ಏನ ಬೇಕಾಗೇತಿ ತಿಳ್ಕೊಂಡ ಬರ್ರಿ, ಆಮ್ಯಾಲ ಬರಿಯೂಣು" ಎಂದಿದ್ದರಂತೆ. ಅದು ನನಗೆ ಆಗ ಗೊತ್ತಿರಲಿಲ್ಲ. ಅಜ್ಜ ನನ್ನನ್ನು ಒಮ್ಮೆ ಕಾಕಾನ ಮನೆಗೆ, ಒಮ್ಮೆ ಖಾನಾಪುರದ ಅತ್ತಿಯ ಮನೆಗೆ ಕಳಿಸುವನು. ತಿರುಗಿ ಬಂದರೆ, "ಹಾಂ, ಮಾಡಿ ತೋರಸಲೇ" ಎನ್ನುವನು. ಕಾಕಾ ಬಾಯ್ತುಂಬ ಎಲಿ ಅಡಿಕಿ ಇಟ್ಟುಕೊಂಡು, ಮುಗಿಲು ನೋಡುತ್ತ ಬಡತನ ತೋಡಿಕೊಳ್ಳುವುದನ್ನು ಮಾಡಿದರೆ ಅಜ್ಜ ಕಣ್ಣೊರೆಸಿಕೊಳ್ಳುವನು. ನಕ್ಕು ನಕ್ಕು ನೀರು ಬಂತೆಂದು ನನ್ನ ಲೆಕ್ಕ.

ಅತ್ತಿ, ಅಂದರೆ ಅಜ್ಜನ ಮಗಳು, ಗಂಡ ತೀರಿದ ಮೇಲೆ ಖಾನಾಪುರದಲ್ಲಿ ಅಜ್ಜನ ಹಳೇ ಮನೆಯಲ್ಲಿ ಜಂಪರು ಹೊಲಿಯುತ್ತ ಇದ್ದಳು. ಆ ಸಲ ನಾನು ಹೊರಟಾಗ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು:

"ಏ ತಮ್ಮಾ, ಅಜ್ಜಗ ಹೇಳು, ನಮ್ಮನ್ಯಾಗ ಅಕ್ಕಿ ಹೆಚ್ಚ್ಯಾವ ಅಂತ."

ನಮ್ಮ ಕಡೆ ಮನೆಯಲ್ಲಿ ಯಾವುದನ್ನೂ ತೀರಿತು ಅನ್ನಬಾರದು, ಅಪಶಕುನ. ಡಬ್ಬಿಯ ತಳ ಕಂಡರೂ, ಬಳೆ ಒಡೆದರೂ ಹೆಚ್ಚಿತು ಎನ್ನಬೇಕು. ಕನ್ನಡದವರೂ ಮರಾಠಿಯವರೂ ಜಗಳವಿಲ್ಲದೆ ಒಪ್ಪಿದ ಮಾತು ಇದು. ನಾನು ಟಾವೆಲ್ಲು ತಲೆಗೆ ಹೊದ್ದು, ಒಡೆದ ಪೀಪಿಯಂಥ ನನ್ನ ದನಿಯಲ್ಲಿ ಅತ್ತಿಯ ಸಂಕೋಚ ಸಮೇತ ಹೇಳಿದೆ. "ಇನ್ನೊಮ್ಮೆ" ಎಂದ ಅಜ್ಜ. ಇನ್ನೊಮ್ಮೆ ಮಾಡಿದೆ.

ಆ ವಾರವೇ ವಕೀಲರು ಮನೆಗೆ ಬಂದರು. ನಾನು ಚಹಾ ಇಡುತ್ತಿದ್ದೆ. ಖಾನಾಪುರದ ಮನೆ ಕಾಕಾನ ಹೆಸರಿಗೆ ಎಂದ ಅಜ್ಜ.

"ಮತ್ತ ಮಗಳಿಗ್ರಿ?"

"ಆಕೀಗೇನ ಕಡಿಮಿ? ಅಕ್ಕಿ ಹೆಚ್ಚ್ಯಾವಂತ ಆಕೀನ ಹೇಳಿ ಕಳಸ್ಯಾಳ. ಬೇಕಂದ್ರ ಈ ಹುಡುಗನ್ನ ಕೇಳ್ರಿ."

"ಅಜ್ಜಾ, ಹಂಗಂದ್ರ ತೀರ್ಯಾವ ಅಂತಲ್ಲೋ! ನಿನಗ ಗೊತ್ತಿಲ್ಲೇನು?"

"ಎರಡ ಸಲ ಮಾಡಿ ತೋರಿಸಿದಿ. ಎರಡೂ ಸಲ ಹೆಚ್ಚ್ಯಾವ ಅಂತನ ಅಂದಿ."

ನಗುತ್ತಲೇ ಅಂದ. ಇಷ್ಟು ದಿನ ನಾನು ಗಳಿಸಿದ ನಗುವೆಲ್ಲ ಇದೇ ಎಂದು ಆಗ ಹೊಳೆಯಿತು. ಊರಿನವರನ್ನೆಲ್ಲ ಆಡಿಸುವ ನನ್ನನ್ನು ಮುದುಕ ಆಡಿಸಿದ್ದ.

ಮರುದಿನ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಅತ್ತಿಗೆ ಎಲ್ಲ ಹೇಳಿದೆ, ಯಾರ ದನಿಯನ್ನೂ ತೆಗೆಯದೆ. ನನ್ನ ಸ್ವಂತ ದನಿ ನನಗೇ ಗುರುತು ಹತ್ತಲಿಲ್ಲ. ಅತ್ತಿ ನನ್ನನ್ನು ಬೈಯಲೂ ಇಲ್ಲ. ಅರ್ಧ ಹೊಲಿದ ಜಂಪರು ಮಡಚಿಟ್ಟು, ಸೀರೆ ಬದಲಿಸಿ ನನ್ನ ಜೊತೆ ಬಸ್ಸು ಹತ್ತಿದಳು.

ನಾವು ಮುಟ್ಟಿದಾಗ ವಕೀಲರು ಬರೆದು ತಂದದ್ದನ್ನು ಅಜ್ಜನಿಗೆ ಓದಿ ಹೇಳುತ್ತಿದ್ದರು. ಅತ್ತಿ ಕೂರಲಿಲ್ಲ. ಅವಳು ಆಡಿದ್ದು ಒಂದೇ ಮಾತು. ಅದನ್ನು ಕೇಳಿ ವಕೀಲರು ಕಾಗದ ಹರಿದರು, ಅಜ್ಜ ತಡೆಯಲಿಲ್ಲ. ಹೊಸದರಲ್ಲಿ ಆ ಮನೆ ಅತ್ತಿಯ ಹೆಸರಿಗೆ ಬಂತು. ಆ ಮಾತನ್ನು ನಾನು ಇವತ್ತಿಗೂ ಅವಳ ದನಿಯಲ್ಲಿ ಮಾಡಿ ತೋರಿಸಿಲ್ಲ. ಬರೆಯುತ್ತೇನೆ, ಅಷ್ಟೇ. ಬರಿಯ ಕೈಗಳನ್ನು ಅಜ್ಜನ ಮುಂದೆ ಚಾಚಿ ಅವಳು ಅಂದಳು:

"ಇವತ್ತ ಇದನ್ನೂ ಬರಸಪಾ: ನನ್ನ ಮಗಳ ಕೈಯಾಗ ಬಳಿನೂ ಹೆಚ್ಚ್ಯಾವ ಅಂತ."