ಕೆಂಚವ್ವನ ಅಳು, ಸಮಿತಿಯ ಹೊಲಿಗೆ ಯಂತ್ರ

ಯರಗುಪ್ಪಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹೇಳಿಕಳಿಸುತ್ತಿದ್ದುದು ಬೀಗರಿಗಲ್ಲ, ಕೆಂಚವ್ವನಿಗೆ. ಹೆಣದ ಮುಂದೆ ಕೂತು, ಸತ್ತವರ ಗುಣ ಎತ್ತಿ ಹಾಡಿ ಅಳುವುದರಲ್ಲಿ ಅವಳದು ಎತ್ತಿದ ಕೈ. ಜನ್ಮದಲ್ಲಿ ಒಂದು ಹಿಡಿ ಜೋಳ ಕೊಡದವನೂ ಅವಳ ಬಾಯಲ್ಲಿ ಧರ್ಮರಾಯನಾಗುತ್ತಿದ್ದ. ಸತ್ತವನ ಹೆಂಡತಿಯೇ ಅಳು ನಿಲ್ಲಿಸಿ, ಇದು ಯಾರ ಸುದ್ದಿ ಎಂದು ಹೆಣದ ಮುಖ ನೋಡಿಕೊಳ್ಳುತ್ತಿದ್ದಳು.

೧೯೮೬ರಲ್ಲಿ ಕುಂದಗೋಳದಿಂದ ಮಹಿಳಾ ಸುಧಾರಣಾ ಸಮಿತಿಯ ಗುರವ್ವನವರು ಬಂದರು. ಹಾಡಿ ಅಳುವುದು ಅನಾಗರಿಕ, ಬಿಟ್ಟವರಿಗೆ ಹೊಲಿಗೆ ಯಂತ್ರ ಎಂದರು. ಕೆಂಚವ್ವನ ವಿಧವೆ ಸೊಸೆ ಬಸಕ್ಕ ಹೊಲಿಗೆ ಕಲಿತಿದ್ದರೂ ಯಂತ್ರವಿಲ್ಲದೆ ಕೂಲಿಗೆ ಹೋಗುತ್ತಿದ್ದಳು. ಮತ್ತೆ ಹಾಡಿ ಅತ್ತರೆ ಯಂತ್ರ ವಾಪಸು ಎಂಬ ಕಾಗದಕ್ಕೆ ಅತ್ತೆ ಹೆಬ್ಬೆಟ್ಟು ಒತ್ತಿದಳು. ಯಂತ್ರ ರವಿಕೆಗಳನ್ನೂ ಹೊಲಿಯಿತು, ಕೆಂಚವ್ವನ ಬಾಯನ್ನೂ.

ಮರುತಿಂಗಳೇ ರೇವವ್ವ ತೀರಿಕೊಂಡಳು. ನಲವತ್ತು ವರ್ಷ ಕೆಂಚವ್ವನ ಬಾಜೂ ಕೂತು ಕಳೆ ತೆಗೆದ ಗೆಳತಿ. ಕೆಂಚವ್ವ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು.

“ಯಾಕ ಬೇ ಕೆಂಚವ್ವಾ, ಮಿಷನ್ ಬಂದಮ್ಯಾಲೆ ಮನಷ್ಯಾರು ಬ್ಯಾಡಾದ್ರೇನ?” ಎಂದ ನೆರೆಮನೆಯ ಹನಮಂತಪ್ಪ.

ಅಂದಿನಿಂದ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಹತ್ತಿ ಬಿಡಿಸುವ ದಿನಗಳಲ್ಲಿ ಸಮಿತಿ ಶಾಲೆಯ ಬಯಲಿನಲ್ಲಿ ಸಿನಿಮಾ ತೋರಿಸಿತು. ಯಾರೋ ದಾನ ಕೊಟ್ಟ ವಿಲಾಯತಿ ಮೂಕಿಚಿತ್ರ. ಗುರವ್ವನವರು ಅದನ್ನು ನೋಡಿರಲಿಲ್ಲ. ಡಬ್ಬಿಯ ಮೇಲೆ ಸಮಾಜ ಸುಧಾರಣೆ ಎಂದು ಬರೆದಿತ್ತು, ಅಷ್ಟು ಸಾಕಾಗಿತ್ತು. ನಡುನಡುವೆ ಬರುವ ಇಂಗ್ಲಿಷ್ ಬರಹ ಓದಿ ಹೇಳಲು ಇದೇ ಊರಿನ, ಕಾನ್ವೆಂಟಿನಲ್ಲಿ ಕಲಿತ ನನ್ನನ್ನು ಕೂರಿಸಿದ್ದರು.

ಪರದೆಯ ಮೇಲೆ ಒಬ್ಬ ಬಡವಿ. ಗಿರಣಿ ಮಾಲೀಕ ಅವಳ ಗಂಡನನ್ನು ಸುಳ್ಳು ಕಳವಿನ ಮೇಲೆ ಜೈಲಿಗೆ ಹಾಕಿಸಿದ. ಆಮೇಲೆ ಟೊಪ್ಪಿಗೆಯ ಹೆಂಗಸರು ಬಂದು, ಮನೆ ಸ್ವಚ್ಛವಿಲ್ಲವೆಂದು ಮೂಗು ಮುಚ್ಚಿಕೊಂಡು, ಕೂಸನ್ನು ಎತ್ತಿಕೊಂಡು ಹೋದರು.

“ಟೊಪಗಿಯಾಕಿ ಯಾರ್ರೀ ಆಕಿ?” ಎಂದು ಹೆಂಗಸೊಬ್ಬಳು ನನ್ನನ್ನು ಕೇಳಿದಳು.

“ಸುಧಾರಣಾ ಸಮಿತಿಯಾಕಿ,” ಇದ್ದದ್ದನ್ನೇ ಓದಿದೆ.

ಹೆಂಗಸರೆಲ್ಲ ಗುರವ್ವನವರ ಕಡೆ ತಿರುಗಿದರು. ಗುರವ್ವನವರು ಸಿನಿಮಾ ಯಂತ್ರ ನಡೆಸುತ್ತಿದ್ದ ದಾವೂದಸಾಬನ ಕಡೆ ತಿರುಗಿ, “ಬಂದ್ ಮಾಡ್ರಿ” ಎಂದರು.

“ನಡುವ ನಿಂದ್ರಿಸಿದ್ರ ರೀಲ್ ಸುಡತೈತ್ರಿ ಅಕ್ಕಾರ,” ಎಂದ ದಾವೂದಸಾಬ. ಅವನಿಗೂ ಮುಂದೇನಾಗುತ್ತದೆ ನೋಡಬೇಕಿತ್ತು.

ಬಡವಿ ಖಾಲಿ ತೊಟ್ಟಿಲು ಹಿಡಿದು ಸತ್ತಳು. ಬಾಜೂ ಯಾರೂ ಇಲ್ಲ, ಒಂದು ದನಿ ಇಲ್ಲ.

ಕೆಂಚವ್ವ ಎದ್ದು ಹೋಗಿ ಪರದೆಯ ಮುಂದೆ ಕೂತಳು.

“ಯಾವೂರಾಕಿಯೋ ನನ್ನವ್ವಾ, ಅಳಾಕ ಒಬ್ಬರಿಲ್ಲಲ್ಲ ಬೇ ನಿನಗ...”

ಎರಡನೆಯ ಸಾಲಿಗೆ ಟೊಪ್ಪಿಗೆಯವರ ವಂಶೋದ್ಧಾರವಾಯಿತು. ನಾಲ್ಕನೆಯದಕ್ಕೆ ಬಡವಿಗೆ ಹೆಸರು ಬಂತು: “ಹೊಲದಾಗ ಬುತ್ತಿ ಪಾಲ ಕೊಟ್ಟಾಕಿ, ರೇವೀ...” ಹೆಂಗಸರೆಲ್ಲ ದನಿಗೂಡಿಸಿದರು. ರೀಲು ಮುಗಿದು ಬರೀ ಬಿಳಿ ಬೆಳಕು ಬಿದ್ದಾಗಲೂ ಅಳು ಮುಗಿದಿರಲಿಲ್ಲ. ಗುರವ್ವನವರೂ ಕಣ್ಣೊರೆಸಿಕೊಂಡರು, ಧೂಳು ಎಂದರು.

ಆದರೆ ಹೆಬ್ಬೆಟ್ಟು ಹೆಬ್ಬೆಟ್ಟೇ. ಮರುದಿನ ಯಂತ್ರ ಒಯ್ಯಲು ಟೆಂಪೊ ಬಂತು, ಗುರವ್ವನವರ ಸಮೇತ.

“ಸತ್ತಾಕಿಗಿ ಅತ್ತಿ, ಇದ್ದಾಕಿ ಹೊಟ್ಟಿಮ್ಯಾಲ ಹೊಡದಿ, ಅತ್ತೀ,” ಎಂದಳು ಬಸಕ್ಕ. ಸೂಜಿಯಡಿ ಅರ್ಧ ರವಿಕೆ ಉಳಿದಿತ್ತು. ಗುರವ್ವನವರದೇ.

“ಅದಷ್ಟು ಮುಗಿಸಿಬಿಡು,” ಎಂದು ಅವರು ಅಂಗಳದಲ್ಲಿ ಕಾದು ನಿಂತರು. ರವಿಕೆ ಮುಗಿಯಿತು, ಯಂತ್ರ ಟೆಂಪೊ ಹತ್ತಿತು.

“ಮಿಷನ್ನಿಗೂ ಒಂದ್ ಹಾಡ ಹೇಳ ಬೇ,” ಎಂದ ಹನಮಂತಪ್ಪ.

“ಅದೇನ ನನ್ನ ಗೆಳತಿ ಅಲ್ಲಪಾ.”

ಆ ಮಧ್ಯಾಹ್ನ ಕೆಂಚವ್ವ ಮೂರು ರೊಟ್ಟಿ ಉಂಡಳು. ಮರುದಿನ ಬಸಕ್ಕ ಮುಖ ಊದಿಸಿಕೊಂಡು ಹತ್ತಿ ಬಿಡಿಸಲು ಹೊರಟಾಗ, ಇಬ್ಬರ ಬುತ್ತಿ ಕಟ್ಟಿಕೊಂಡು ಹಿಂದೆಯೇ ನಡೆದಳು.